ಆರು ಕೋಣೆಯ ಗೆಸ್ಟ್‌ಹೌಸಿಗೆ ಎಂಥ ವೆಬ್‌ಸೈಟ್?

ಗೆಸ್ಟ್‌ಹೌಸ್ ನಡೆಸುವವರಿಗೆ ವೆಬ್‌ಸೈಟ್ ಬಗ್ಗೆ ಸಲಹೆ ಕೊಡುವವರಿಗೆ ನಮ್ಮ ಕಡೆ ಬರವಿಲ್ಲ. ಸೈಟ್ ಕಟ್ಟಿಕೊಡುವ ಹುಬ್ಬಳ್ಳಿಯ ಡೆವಲಪರ್ ವರ್ಡ್‌ಪ್ರೆಸ್ ಎನ್ನುತ್ತಾನೆ. ಬೆಂಗಳೂರಿನಲ್ಲಿ ನೌಕರಿಗಿರುವ ಅಳಿಯ ವಿಕ್ಸ್ ಎನ್ನುತ್ತಾನೆ. ಕಾಲೇಜಿಗೆ ಹೋಗುವ ಮಗಳು ‘ಅಪ್ಪಾ, ಇನ್‌ಸ್ಟಾಗ್ರಾಂ ಇದ್ರ ಸಾಕು ಬಿಡು’ ಎನ್ನುತ್ತಾಳೆ. ಮೂವರ ಮಾತೂ ಯಾವುದೋ ಒಂದು ಗೆಸ್ಟ್‌ಹೌಸಿಗೆ ಸರಿಯೇ. ನಿಮ್ಮದಕ್ಕೆ ಯಾವುದು ಸರಿ ಎಂದು ತಿಳಿಯಬೇಕಾದರೆ ಈ ಹೆಸರುಗಳನ್ನು ಸ್ವಲ್ಪ ಹೊತ್ತು ಬದಿಗಿಡಬೇಕು.

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳು

ನಿಮ್ಮಲ್ಲಿ ಬಂದು ಇಳಿಯುವವರು ಯಾರು? ಧಾರವಾಡದ ಹೈಕೋರ್ಟ್ ಪೀಠಕ್ಕೆ ಬರುವ ಕಕ್ಷಿದಾರ ವಕೀಲರ ಬಾಯಿಮಾತಿನಿಂದ ಬರುತ್ತಾನೆ. ಹಿಂದಿನ ದಿನ ಸಂಜೆ ಫೋನ್ ಹಚ್ಚಿ ‘ರೂಮ್ ಅದಾವೇನ್ರೀ, ಎಷ್ಟ್ ಬೀಳ್ತದ’ ಎಂದು ಕೇಳುತ್ತಾನೆ. ಅವನಿಗೆ ಬೇಕಾದ್ದು ಫೋನ್ ನಂಬರು ಮತ್ತು ನಕ್ಷೆ, ಅಷ್ಟೇ. ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ವ್ಯಾಪಾರಕ್ಕೆ ಬರುವವರದೂ ಆಸ್ಪತ್ರೆಗೆ ರೋಗಿಯ ಜೊತೆ ಬರುವವರದೂ ಹೆಚ್ಚುಕಡಿಮೆ ಇದೇ ದಾರಿ. ಲಕ್ಕುಂಡಿಯ ಗುಡಿಗಳನ್ನು ನೋಡಲು ಬೆಂಗಳೂರಿನಿಂದ ಹೊರಡುವ ಕುಟುಂಬ ಹಾಗಲ್ಲ. ಎರಡು ವಾರ ಮೊದಲೇ ಕುಳಿತು ನಾಲ್ಕು ಕಡೆಯ ಫೋಟೋ ಹೋಲಿಸಿ, ಬಚ್ಚಲುಮನೆ ಹೇಗಿದೆ ಎಂದು ನೋಡಿ, ಆಮೇಲೆ ನಿರ್ಧರಿಸುತ್ತದೆ. ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳ ಹಿಂದೆ ಕ್ಯಾಮೆರಾ ಹೊತ್ತು ಬರುವವರೂ ಈ ಗುಂಪಿನವರೇ. 2024ರಲ್ಲಿ ಆ ಕೆರೆ ಜಾಗತಿಕ ಮಹತ್ವದ ಜೌಗುಪ್ರದೇಶಗಳ ರಾಮ್‌ಸಾರ್ ಪಟ್ಟಿಗೆ ಸೇರಿದ ಮೇಲೆ ಅದರ ಹೆಸರನ್ನು ದೂರದವರೂ ಹುಡುಕುತ್ತಾರೆ. ಮೊದಲ ಗುಂಪೇ ಹೆಚ್ಚಿದ್ದರೆ ದೊಡ್ಡ ವೆಬ್‌ಸೈಟಿಗೆ ಸುರಿದ ದುಡ್ಡು ಹಿಂದಕ್ಕೆ ಬರುವುದಿಲ್ಲ.

ಆರು ತಿಂಗಳ ನಂತರ ದರ ಬದಲಾದಾಗ ಅದನ್ನು ತಿದ್ದುವವರು ಯಾರು? ವೆಬ್‌ಸೈಟ್ ಕಟ್ಟುವ ದಿನ ಎಲ್ಲರಿಗೂ ಹುರುಪಿರುತ್ತದೆ. ₹1,200 ಇದ್ದ ದರ ₹1,500 ಆದಾಗ, ಕಾವಲುಗಾರನ ಬಳಿಯಿದ್ದ ನಂಬರು ಬದಲಾದಾಗ, ಮಾಲೀಕರೇ ತಮ್ಮ ಮೊಬೈಲಿನಿಂದ ಐದು ನಿಮಿಷದಲ್ಲಿ ತಿದ್ದಲು ಆಗುತ್ತದೆಯೇ ಎಂಬುದು ಮುಖ್ಯ. ಹಳೆಯ ದರ ನೋಡಿ ಬಂದವರ ಜೊತೆ ಕೌಂಟರಿನಲ್ಲಿ ನಡೆಯುವ ವಾದಕ್ಕಿಂತ ವೆಬ್‌ಸೈಟ್ ಇಲ್ಲದಿರುವುದೇ ವಾಸಿ.

ಮೂರು ವರ್ಷಕ್ಕೆ ಎಷ್ಟು ಬೀಳುತ್ತದೆ? ಮೊದಲ ವರ್ಷದ ಬೆಲೆ ಯಾವಾಗಲೂ ಆಸೆ ತೋರಿಸುವ ಬೆಲೆ. ಡೊಮೇನು (ಸೈಟಿನ ವಿಳಾಸದ ಹೆಸರು) ಮತ್ತು ಹೋಸ್ಟಿಂಗ್ (ಸೈಟಿನ ಫೈಲು ಇಡುವ ಸರ್ವರಿನ, ಅಂದರೆ ಸದಾ ಚಾಲೂ ಇರುವ ಕಂಪ್ಯೂಟರಿನ ಬಾಡಿಗೆ) ಎರಡರಲ್ಲೂ ನವೀಕರಣದ ದರ ಮೊದಲ ವರ್ಷದ ಎರಡು ಮೂರು ಪಟ್ಟು ಆಗಬಹುದು. ಜಾಹೀರಾತಿನ ದರ ಬಿಟ್ಟು ನವೀಕರಣದ ದರವನ್ನೇ ಮೂರರಿಂದ ಗುಣಿಸಿ.

ಬುಕಿಂಗ್ ಹೇಗೆ ಆಗಬೇಕು, ಫೋನಿನಲ್ಲೋ, ವಾಟ್ಸ್ಆ್ಯಪ್‌ನಲ್ಲೋ, ಯಾರ ಕೈಯೂ ತಾಗದೆ ತಾನಾಗಿಯೋ? ತಾನಾಗಿ ಆಗಬೇಕಾದರೆ ಕ್ಯಾಲೆಂಡರ್ ದಿನವೂ ಸತ್ಯ ಹೇಳುತ್ತಿರಬೇಕು. ಬಸ್‌ಸ್ಟ್ಯಾಂಡಿನಿಂದ ನೇರ ಬಂದವರಿಗೆ ಕೊಟ್ಟ ಕೋಣೆಯನ್ನೂ ಅದೇ ಗಳಿಗೆಗೆ ಕ್ಯಾಲೆಂಡರಿನಲ್ಲಿ ಮುಚ್ಚುವ ಶಿಸ್ತು ನಿಮ್ಮ ಕೌಂಟರಿನಲ್ಲಿ ಇದೆಯೇ?

ಕೊನೆಯದು, ಮತ್ತು ಹೆಚ್ಚಿನವರು ಕೇಳದೇ ಬಿಡುವುದು: ಕೀಲಿ ಯಾರ ಕೈಯಲ್ಲಿರುತ್ತದೆ? ಗೂಗಲ್ ತನ್ನ ಬಿಸಿನೆಸ್ ಪ್ರೊಫೈಲ್ (ಹುಡುಕಾಟ ಮತ್ತು ನಕ್ಷೆಯಲ್ಲಿ ಕಾಣುವ ವ್ಯಾಪಾರದ ವಿವರ) ಜೊತೆ ಸಣ್ಣ ವ್ಯಾಪಾರಗಳಿಗೆ ಪುಕ್ಕಟೆ ವೆಬ್‌ಸೈಟ್ ಕೊಡುತ್ತಿತ್ತು. 2024ರ ಮಾರ್ಚ್‌ನಲ್ಲಿ ಅವನ್ನೆಲ್ಲ ಮುಚ್ಚಿತು. ಅದೇ ಜೂನ್ 10ರವರೆಗೆ ಹಳೆಯ ವಿಳಾಸ ಒತ್ತಿದವರನ್ನು ಪ್ರೊಫೈಲಿಗೆ ಕಳಿಸಿ, ಆಮೇಲೆ ಅದನ್ನೂ ನಿಲ್ಲಿಸಿತು. ಆ ವಿಳಾಸವನ್ನು ಬೋರ್ಡಿನ ಮೇಲೆ, ವಿಸಿಟಿಂಗ್ ಕಾರ್ಡಿನ ಮೇಲೆ ಅಚ್ಚು ಹಾಕಿಸಿದ್ದವರಿಗೆ ಅದು ಸತ್ತ ವಿಳಾಸವಾಯಿತು. ಸ್ವಂತ ಡೊಮೇನು ಕೊಂಡು ಅದೇ ಪುಕ್ಕಟೆ ಪುಟಕ್ಕೆ ತಿರುಗಿಸಿಟ್ಟಿದ್ದವರು ತಿರುಗುವ ದಿಕ್ಕನ್ನಷ್ಟೇ ಬದಲಿಸಿದರು, ಕಾರ್ಡು ಹಾಗೇ ನಡೆಯಿತು. ಆದ್ದರಿಂದ ಕೆಳಗಿನ ಯಾವ ದಾರಿ ಹಿಡಿದರೂ ಡೊಮೇನು ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲಿನಲ್ಲಿ, ನಿಮ್ಮ ಮೊಬೈಲಿಗೆ ಓಟಿಪಿ ಬರುವಂತೆ ಇರಲಿ. ಡಾಟ್ ಇನ್ ಆಗಲಿ ಡಾಟ್ ಕಾಮ್ ಆಗಲಿ, ವರ್ಷಕ್ಕೆ ಸುಮಾರು ₹700ರಿಂದ ₹1,500ರೊಳಗೆ ಮುಗಿಯುತ್ತದೆ. ಕನ್ನಡ ಲಿಪಿಯ ಡಾಟ್ ಭಾರತ ವಿಳಾಸ ನೋಡಲು ಚಂದ. ಆದರೆ ಎಷ್ಟೋ ಫಾರ್ಮುಗಳು ಅದನ್ನು ವಿಳಾಸವೆಂದೇ ಒಪ್ಪುವುದಿಲ್ಲ, ಹಾಗಾಗಿ ಅದು ಎರಡನೆಯದಾಗಿರಲಿ.

ಕಮಿಷನ್ನಿನ ಲೆಕ್ಕ

ವೆಬ್‌ಸೈಟಿಗೆ ಎಷ್ಟು ಖರ್ಚು ಮಾಡಬಹುದು ಎಂಬುದಕ್ಕೆ ಉತ್ತರ ಬುಕಿಂಗ್ ಆ್ಯಪುಗಳ ಕಮಿಷನ್ನಿನಲ್ಲಿದೆ. ಆರು ಕೋಣೆ, ದರ ₹1,500, ಆ್ಯಪುಗಳ ಮೂಲಕ ತಿಂಗಳಿಗೆ 20 ಕೋಣೆ-ರಾತ್ರಿ ಮಾರಾಟ ಎಂದುಕೊಳ್ಳಿ. ವಹಿವಾಟು ₹30,000. ಕಮಿಷನ್ ಶೇ. 18 ಆದರೆ ₹5,400, ಅದರ ಮೇಲೆ ಶೇ. 18 ಜಿಎಸ್‌ಟಿ ₹972, ಒಟ್ಟು ₹6,372. ವರ್ಷಕ್ಕೆ ₹76,464. ನಿಮ್ಮ ಒಪ್ಪಂದದ ದರ ಬೇರೆ ಇರಬಹುದು, ಕಾಗದ ತೆಗೆದು ನೋಡಿ ಅದನ್ನೇ ಹಾಕಿ.

ಈಗ ಆ 20ರಲ್ಲಿ ಐದು ರಾತ್ರಿ ನೇರ ಬುಕಿಂಗಿಗೆ ತಿರುಗಿದರೆ ತಿಂಗಳಿಗೆ ₹1,593, ವರ್ಷಕ್ಕೆ ₹19,116 ಉಳಿಯುತ್ತದೆ. ಅಂದರೆ ಇಂಥ ಗೆಸ್ಟ್‌ಹೌಸ್ ವೆಬ್‌ಸೈಟಿಗೆ ವರ್ಷಕ್ಕೆ ಹತ್ತು-ಹನ್ನೆರಡು ಸಾವಿರ ಹಾಕಿದರೂ ಲಾಭದಲ್ಲೇ ಇರುತ್ತದೆ, ಮೂವತ್ತು ಸಾವಿರ ಹಾಕಿದರೆ ಇರುವುದಿಲ್ಲ. ಆ್ಯಪಿನಿಂದ ತಿಂಗಳಿಗೆ ನಾಲ್ಕೇ ರಾತ್ರಿ ಬರುವ ₹800ರ ಲಾಡ್ಜಿಗೆ ಈ ಲೆಕ್ಕ ಹಾಕಿ ನೋಡಿದರೆ ಉಳಿತಾಯ ಕೆಲವೇ ಸಾವಿರಕ್ಕೆ ನಿಲ್ಲುತ್ತದೆ. ಅಲ್ಲಿ ಪುಕ್ಕಟೆ ದಾರಿಗಳೇ ಸಾಕು.

ಹಾಗೆಂದು ಆ್ಯಪುಗಳನ್ನು ಬಿಟ್ಟುಬಿಡುವುದು ಜಾಣತನವಲ್ಲ. ಊರಿಗೇ ಹೊಸಬರಾದವರು ಮೊದಲು ನೋಡುವುದು ಅಲ್ಲೇ. ಅಲ್ಲಿ ಹೆಸರು ನೋಡಿ, ಗೂಗಲ್‌ನಲ್ಲಿ ಅದೇ ಹೆಸರು ಹುಡುಕಿ, ನೇರ ಫೋನ್ ಮಾಡಿದರೆ ಕಡಿಮೆಗೆ ಸಿಗಬಹುದೇ ಎಂದು ಕೇಳುವವರು ಬಹಳ. ಆ ಎರಡನೆಯ ಹುಡುಕಾಟದಲ್ಲಿ ಕಣ್ಣಿಗೆ ಬೀಳುವುದೇ ನಿಮ್ಮ ವೆಬ್‌ಸೈಟಿನ ಮೊದಲ ಕೆಲಸ.

ಗೂಗಲ್ ಪ್ರೊಫೈಲ್ ಮತ್ತು ವಾಟ್ಸ್ಆ್ಯಪ್ ಬಿಸಿನೆಸ್ ಮಾತ್ರ

ಇದನ್ನು ವೆಬ್‌ಸೈಟ್ ಎನ್ನಲಾಗದು. ಆದರೆ ಉಳಿದೆಲ್ಲವೂ ನಿಲ್ಲುವ ತಳಪಾಯ ಇದು, ಖರ್ಚಿಲ್ಲ. ಕಕ್ಷಿದಾರ, ವ್ಯಾಪಾರಿ, ರೋಗಿಯ ಕಡೆಯವರೇ ಹೆಚ್ಚಾಗಿ ಬರುವ ಗೆಸ್ಟ್‌ಹೌಸ್ ಇಲ್ಲಿಗೇ ನಿಂತರೂ ನಷ್ಟವಿಲ್ಲ.

ಪ್ರೊಫೈಲ್ ಪರಿಶೀಲನೆಗೆ ಈಗ ಹೆಚ್ಚಾಗಿ ವಿಡಿಯೋ ಕೇಳುತ್ತಾರೆ: ರಸ್ತೆ, ಬೋರ್ಡು, ಒಳಗಿನ ಕೌಂಟರು, ಬೀಗ ತೆಗೆಯುವ ಕೈ, ಎಲ್ಲವೂ ತುಂಡಾಗದ ಒಂದೇ ವಿಡಿಯೋದಲ್ಲಿ. ಬೋರ್ಡಿನ ಮೇಲೆ ಒಂದು ಹೆಸರು, ಪ್ರೊಫೈಲಿನಲ್ಲಿ ಇನ್ನೊಂದು ಹೆಸರು ಇದ್ದರೆ ತಿರಸ್ಕಾರವಾಗುತ್ತದೆ. ಹೆಸರಿನ ಹಿಂದೆ ‘ಬೆಸ್ಟ್ ಲಾಡ್ಜ್ ಇನ್ ಹುಬ್ಳಿ’ ಎಂದು ಬಾಲ ಅಂಟಿಸಿದರೆ ಪ್ರೊಫೈಲೇ ಅಮಾನತಾಗುವ ಅಪಾಯವಿದೆ. ನಕ್ಷೆಯ ಪಿನ್ ಗೇಟಿನ ಮೇಲೇ ಇರಲಿ. ಓಣಿಯೊಳಗಿನ ಮನೆಗಳಿಗೆ ಗೂಗಲ್ ಪಿನ್ನನ್ನು ಹಿಂದಿನ ಬೀದಿಗೆ ಹಾಕುವುದುಂಟು. ರಾತ್ರಿ ಹನ್ನೊಂದಕ್ಕೆ ರೈಲಿಳಿದು ಬಂದವರು ಗೋಡೆಯ ಆಚೆ ನಿಂತು ಫೋನ್ ಮಾಡುತ್ತಾರೆ.

ಪ್ರೊಫೈಲಿನ ‘ಪ್ರೈಮರಿ ಓನರ್’ ನೀವೇ ಆಗಿರಬೇಕು. ಸಹಾಯ ಮಾಡುವ ಹುಡುಗನನ್ನು ‘ಮ್ಯಾನೇಜರ್’ ಎಂದು ಸೇರಿಸಿದರೆ ಅವನಿಗೆ ಬೇಕಾದ ಕೆಲಸವೆಲ್ಲ ಅದರಿಂದಲೇ ಆಗುತ್ತದೆ.

ವಾಟ್ಸ್ಆ್ಯಪ್ ಬಿಸಿನೆಸ್‌ನಲ್ಲಿ ಕೋಣೆಗಳನ್ನು ಕ್ಯಾಟಲಾಗಿಗೆ ಹಾಕಿ ದರ ಬರೆಯಬಹುದು, ‘ಕ್ವಿಕ್ ರಿಪ್ಲೈ’ಯಲ್ಲಿ ದಾರಿ, ದರ, ಚೆಕ್-ಇನ್ ಸಮಯವನ್ನು ಸಿದ್ಧ ಉತ್ತರವಾಗಿ ಇಡಬಹುದು. ಇದರ ಕೊರತೆ ಏನೆಂದರೆ ನಿಮ್ಮ ಹೆಸರು ಗೊತ್ತಿಲ್ಲದವರಿಗೆ ಕೋಣೆಯ ಬಗ್ಗೆ ವಿವರವಾಗಿ ಹೇಳಲು ಜಾಗವಿಲ್ಲ. ಪ್ರೊಫೈಲಿನಲ್ಲಿ ಗ್ರಾಹಕರು ಹಾಕಿದ ಮಂಕು ಫೋಟೋಗಳು ನಿಮ್ಮವಕ್ಕಿಂತ ಮುಂದೆ ಬರಬಹುದು. ಅದು ನಿಮ್ಮ ಹಿಡಿತದಲ್ಲಿಲ್ಲ.

ಫೇಸ್‌ಬುಕ್, ಇನ್‌ಸ್ಟಾಗ್ರಾಂ ಪುಟಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಫೋಟೋ ತೋರಿಸಲು ಒಳ್ಳೆಯದು, ದರ ಹುಡುಕಲು ಕೆಟ್ಟದ್ದು. ಲಾಗಿನ್ ಇಲ್ಲದವರಿಗೆ ಅರ್ಧ ಕಾಣುವುದಿಲ್ಲ. ಮಗಳಿಗೆ ಆಸಕ್ತಿಯಿದ್ದರೆ ನಡೆಸಲಿ, ಆದರೆ ಅದನ್ನೇ ವಿಳಾಸ ಮಾಡಿಕೊಳ್ಳಬೇಡಿ.

ಗೂಗಲ್ ಸೈಟ್ಸ್

ಜಿಮೇಲ್ ಇದ್ದವರಿಗೆಲ್ಲ ಪುಕ್ಕಟೆ. ಒಂದು ಮಧ್ಯಾಹ್ನದಲ್ಲಿ ನಾಲ್ಕು ಪುಟ ಸಿದ್ಧ. ನಕ್ಷೆ, ಫೋಟೋ, ವಿಚಾರಣೆಗೆ ಗೂಗಲ್ ಫಾರ್ಮ್ ಎಲ್ಲವನ್ನೂ ಎಳೆದು ಕೂರಿಸಬಹುದು. ಫಾರ್ಮಿನ ಉತ್ತರಗಳು ಗೂಗಲ್ ಶೀಟಿಗೆ (ಲೆಕ್ಕದ ಹಾಳೆಗೆ) ಹೋಗಿ ಕೂರುತ್ತವೆ. ಹೊಸ ಉತ್ತರ ಬಂದಾಗ ಇಮೇಲ್ ಬರುವ ಆಯ್ಕೆಯನ್ನು ನೀವೇ ಒತ್ತಿ ಚಾಲೂ ಮಾಡಬೇಕು. ಮರೆತರೆ ವಾರದ ನಂತರ ನೋಡಿದಾಗ ಮದುವೆ ಸೀಸನ್ನಿನ ಹತ್ತು ವಿಚಾರಣೆ ತಣ್ಣಗಾಗಿರುತ್ತವೆ.

ಸ್ವಂತ ಡೊಮೇನು ಜೋಡಿಸಬಹುದು. ಆದರೆ ಅದು ಕೂರುವುದು ಮುಂದೆ ‘ಡಬ್ಲ್ಯೂ ಡಬ್ಲ್ಯೂ ಡಬ್ಲ್ಯೂ’ ಇರುವ ರೂಪಕ್ಕೆ. ಅದಿಲ್ಲದ ಬರೀ ಹೆಸರನ್ನು ಡೊಮೇನು ಕೊಂಡ ಕಡೆಯೇ ಫಾರ್ವರ್ಡ್ ಮಾಡಿಟ್ಟುಕೊಳ್ಳಬೇಕು. ಈ ಒಂದು ಹೆಜ್ಜೆ ಬಿಟ್ಟರೆ ನಿಮ್ಮ ಮೊಬೈಲಿನಲ್ಲಿ ತೆರೆಯುವ ವಿಳಾಸ ಅತಿಥಿಯ ಮೊಬೈಲಿನಲ್ಲಿ ತೆರೆಯುವುದಿಲ್ಲ. ಹಣ ಪಾವತಿ, ಕೋಣೆಯ ಕ್ಯಾಲೆಂಡರ್ ಇದರೊಳಗೆ ಇಲ್ಲ. ವಿನ್ಯಾಸಕ್ಕೆ ಸ್ವಾತಂತ್ರ್ಯ ಕಡಿಮೆ. ಬೇರೆ ಕಡೆ ಹೋಗಬೇಕೆಂದರೆ ಮತ್ತೆ ಕಟ್ಟಬೇಕು, ಆದರೆ ನಾಲ್ಕು ಪುಟ ಮತ್ತೆ ಕಟ್ಟುವುದು ದೊಡ್ಡ ಮಾತಲ್ಲ. ಮೂರು ವರ್ಷದ ಖರ್ಚು ಡೊಮೇನಿನದು ಮಾತ್ರ, ಸುಮಾರು ₹3,000.

ಫೋನಿನಲ್ಲೇ ಬುಕಿಂಗ್ ಒಪ್ಪುವ, ಮಾಲೀಕರೇ ತಿದ್ದಬೇಕಾದ ಗೆಸ್ಟ್‌ಹೌಸಿಗೆ ಇದಕ್ಕಿಂತ ಹೆಚ್ಚಿನದು ಬೇಕಾಗಿಲ್ಲ. ತಾಂತ್ರಿಕ ಜನ ಇದನ್ನು ನೋಡಿ ಮೂಗು ಮುರಿಯುತ್ತಾರೆ. ಅತಿಥಿ ಮುರಿಯುವುದಿಲ್ಲ.

ವಿಕ್ಸ್ ಥರದ ಬಾಡಿಗೆ ಸೈಟುಗಳು

ವಿಕ್ಸ್, ಸ್ಕ್ವೇರ್‌ಸ್ಪೇಸ್, ಝೋಹೋ ಸೈಟ್ಸ್ ಎಲ್ಲವೂ ತಿಂಗಳ ಬಾಡಿಗೆಯ ಮನೆಗಳು. ನಲ್ಲಿ, ದೀಪ, ಬಣ್ಣ ಎಲ್ಲ ಅವರದೇ. ಭದ್ರತೆ, ಬ್ಯಾಕಪ್, ಅಪ್‌ಡೇಟ್ ಬಗ್ಗೆ ನಿಮಗೆ ಚಿಂತೆಯಿಲ್ಲ. ನೋಡಲು ಅಚ್ಚುಕಟ್ಟು. ವಿಕ್ಸ್‌ನಲ್ಲಿ ಪುಕ್ಕಟೆ ಯೋಜನೆಯಿದೆ, ಆದರೆ ಅದರಲ್ಲಿ ಅವರ ಜಾಹೀರಾತು ಕಾಣುತ್ತದೆ, ನಿಮ್ಮ ಡೊಮೇನು ಜೋಡಿಸಲು ಬರುವುದಿಲ್ಲ. ಹಾಗಾಗಿ ಅದನ್ನು ಕಲಿಯಲಿಕ್ಕೆ ಮಾತ್ರ ಬಳಸಿ. ಹಣ ಕೊಡುವ ಯೋಜನೆ ತಿಂಗಳಿಗೆ ಕೆಲವು ನೂರು ರೂಪಾಯಿ. ಪಾವತಿ ಅಥವಾ ಬುಕಿಂಗ್ ಸೌಲಭ್ಯ ಬೇಕೆಂದರೆ ಮೇಲಿನ ಹಂತಕ್ಕೆ ಹೋಗಬೇಕು. ಮೂರು ವರ್ಷಕ್ಕೆ ಸುಮಾರು ಹನ್ನೆರಡರಿಂದ ಇಪ್ಪತ್ತೈದು ಸಾವಿರ ಎಂದು ಹಿಡಿಯಿರಿ.

ತೊಂದರೆ ಇರುವುದು ಮನೆ ಬಿಡುವಾಗ. ವಿಕ್ಸ್‌ನಲ್ಲಿ ಕಟ್ಟಿದ ಸೈಟನ್ನು ಎತ್ತಿಕೊಂಡು ಬೇರೆ ಹೋಸ್ಟಿಂಗಿಗೆ ಹೋಗಲಾಗದು. ಬಾಡಿಗೆ ಏರಿಸಿದರೆ ಕೊಡಬೇಕು, ಇಲ್ಲವೇ ಹೊಸದಾಗಿ ಕಟ್ಟಬೇಕು. ಆದ್ದರಿಂದ ಬರಹ ಮತ್ತು ಫೋಟೋಗಳ ಮೂಲಪ್ರತಿ ನಿಮ್ಮ ಡ್ರೈವ್‌ನಲ್ಲೂ ಇರಲಿ, ಡೊಮೇನನ್ನು ಅವರಲ್ಲಿ ಕೊಳ್ಳದೆ ಬೇರೆ ಕಡೆ ಕೊಂಡು ಜೋಡಿಸಿ. ‘ಮೊದಲ ವರ್ಷ ಡೊಮೇನು ಪುಕ್ಕಟೆ’ ಎಂಬ ಮಾತಿಗೆ ಸೋಲಬೇಡಿ.

ಲಕ್ಕುಂಡಿ, ಬಂಕಾಪುರ, ಮಾಗಡಿ ಕಡೆಯ ಪ್ರವಾಸಿಗರನ್ನು ನಂಬಿದ ಹೋಮ್‌ಸ್ಟೇಗೆ, ಫೋಟೋಗಳೇ ಮಾತಾಡಬೇಕಾದ ಕಡೆ, ಈ ದಾರಿ ಹೊಂದುತ್ತದೆ.

ವರ್ಡ್‌ಪ್ರೆಸ್

ನಿಮ್ಮ ಊರಿನ ಯಾವ ಡೆವಲಪರನ್ನು ಕೇಳಿದರೂ ಸಿಗುವ ಉತ್ತರ ಇದು. ಅದರಲ್ಲಿ ಅರ್ಥವಿದೆ: ತಂತ್ರಾಂಶ ಪುಕ್ಕಟೆ, 2003ರಿಂದ ಇದೆ, ಬಲ್ಲವರು ಎಲ್ಲೆಡೆ ಇದ್ದಾರೆ, ಒಬ್ಬ ಕೈಬಿಟ್ಟರೆ ಇನ್ನೊಬ್ಬ ಎತ್ತಿಕೊಳ್ಳಬಹುದು, ಇಡೀ ಸೈಟನ್ನು ಗಂಟು ಕಟ್ಟಿ ಬೇರೆ ಹೋಸ್ಟಿಂಗಿಗೆ ಒಯ್ಯಬಹುದು. ಕೀಲಿಯ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ಮುಂದೆ ಹೇಳುವ ಸಾದಾ ಪುಟದ್ದು ಮಾತ್ರ. ಮೋಟೋಪ್ರೆಸ್ ಹೋಟೆಲ್ ಬುಕಿಂಗ್, ವಿಕ್‌ಬುಕಿಂಗ್‌ನಂಥ ಪ್ಲಗಿನ್‌ಗಳಿಂದ (ಸೈಟಿಗೆ ಸೇರಿಸುವ ಚಿಕ್ಕ ತಂತ್ರಾಂಶಗಳಿಂದ) ಕೋಣೆ, ಸೀಸನ್ ದರ, ಕ್ಯಾಲೆಂಡರ್ ಎಲ್ಲವೂ ನಿಮ್ಮದೇ ಸೈಟಿನಲ್ಲಿ ನಡೆಯುತ್ತವೆ.

ಆದರೆ ಇದು ಸ್ವಂತ ಮನೆ, ಸೂರು ಸೋರಿದರೆ ನೀವೇ ಹತ್ತಬೇಕು. ಒಂದು ವರ್ಷ ಅಪ್‌ಡೇಟ್ ಮಾಡದೆ ಬಿಟ್ಟ ವರ್ಡ್‌ಪ್ರೆಸ್ ಸೈಟಿಗೆ ಕಳ್ಳರು ನುಗ್ಗುವುದು ಮಾಮೂಲು. ನುಗ್ಗಿದ್ದು ಗೊತ್ತಾಗುವುದು ಹೇಗೆಂದರೆ, ಗೂಗಲ್‌ನಲ್ಲಿ ನಿಮ್ಮ ಗೆಸ್ಟ್‌ಹೌಸ್ ಹೆಸರು ಹುಡುಕಿದಾಗ ಅದರ ಕೆಳಗೆ ಜಪಾನಿ ಅಕ್ಷರದಲ್ಲಿ ಕೈಚೀಲ, ಗಡಿಯಾರದ ಜಾಹೀರಾತು ಕಾಣುತ್ತದೆ. ಕಾರಣ ಹೆಚ್ಚಾಗಿ ಎರಡು: ಅಪ್‌ಡೇಟ್ ಕಾಣದ ಹಳೆಯ ಪ್ಲಗಿನ್, ಅಥವಾ ದುಡ್ಡು ಉಳಿಸಲು ಹಾಕಿದ ಕದ್ದ ಥೀಮ್ (ಸೈಟಿನ ಸಿದ್ಧ ವಿನ್ಯಾಸ). ಪ್ಲಗಿನ್‌ಗಳು ಹತ್ತರೊಳಗೆ ಇರಲಿ, ಲಾಗಿನ್ ಹೆಸರು ‘ಅಡ್ಮಿನ್’ ಬೇಡ, ವಾರಕ್ಕೊಮ್ಮೆ ಬ್ಯಾಕಪ್ ತಾನಾಗಿ ಗೂಗಲ್ ಡ್ರೈವ್‌ಗೆ ಹೋಗಲಿ. ಬ್ಯಾಕಪ್ ಅದೇ ಹೋಸ್ಟಿಂಗಿನಲ್ಲಿದ್ದರೆ ಕಳ್ಳನ ಜೊತೆ ಅದೂ ಹೋಗುತ್ತದೆ.

ಇನ್ನೊಂದು ಕಾಣದ ತೊಂದರೆ ವಿಚಾರಣೆ ಫಾರ್ಮಿನದು. ಅತಿಥಿ ಫಾರ್ಮ್ ತುಂಬಿ ‘ಧನ್ಯವಾದ’ ಎಂಬ ಸಂದೇಶ ನೋಡುತ್ತಾನೆ, ನಿಮಗೆ ಇಮೇಲೇ ಬರುವುದಿಲ್ಲ. ಅಗ್ಗದ ಹೋಸ್ಟಿಂಗಿನ ಸರ್ವರಿನಿಂದ ನೇರ ಹೊರಟ ಇಮೇಲನ್ನು ಜಿಮೇಲ್ ಸ್ಪ್ಯಾಮಿಗೆ ತಳ್ಳುತ್ತದೆ ಅಥವಾ ನುಂಗಿಬಿಡುತ್ತದೆ. ಎಸ್‌ಎಂಟಿಪಿ (ಇಮೇಲ್ ಕಳಿಸುವ ವ್ಯವಸ್ಥೆ) ಪ್ಲಗಿನ್ ಹಾಕಿ ನಿಜವಾದ ಇಮೇಲ್ ಖಾತೆಯ ಮೂಲಕ ಕಳಿಸುವಂತೆ ಮಾಡಿ, ಇಮೇಲು ನಿಮ್ಮದೇ ಎಂದು ಸಾಬೀತು ಮಾಡುವ ಎಸ್‌ಪಿಎಫ್, ಡಿಕೆಐಎಂ ದಾಖಲೆಗಳನ್ನು ಡೊಮೇನಿನಲ್ಲಿ ಸೇರಿಸಬೇಕು. ಡೆವಲಪರ್ ಕೊಟ್ಟುಹೋಗುವ ಮುನ್ನ ಬೇರೊಬ್ಬರ ಮೊಬೈಲಿನಿಂದ ಫಾರ್ಮ್ ತುಂಬಿಸಿ ನೋಡಿ.

ಖರ್ಚು: ಹೋಸ್ಟಿಂಗ್ ನವೀಕರಣ ವರ್ಷಕ್ಕೆ ಸುಮಾರು ₹3,000–6,000, ಡೊಮೇನು ಬೇರೆ, ಕಟ್ಟಿಸುವ ಕೂಲಿ ಹತ್ತರಿಂದ ಮೂವತ್ತು ಸಾವಿರ, ಬುಕಿಂಗ್ ಪ್ಲಗಿನ್ ಹಣ ಕೊಡುವ ಥರದ್ದಾದರೆ ಅದೂ ವರ್ಷಾ ವರ್ಷಾ. ಸರ್ವರ್ ಮುಂಬೈಯಲ್ಲಿರುವ ಯೋಜನೆ ಆರಿಸಿ, ಪುಟ ಬೇಗ ತೆರೆಯುತ್ತದೆ. ಸೈಟಿನ ಸಂಪರ್ಕವನ್ನು ಸುರಕ್ಷಿತವಾಗಿಸುವ ಎಸ್‌ಎಸ್‌ಎಲ್ ಪ್ರಮಾಣಪತ್ರಕ್ಕೆ ಬೇರೆ ದುಡ್ಡು ಕೇಳಿದರೆ ಕೊಡಬೇಡಿ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆಯದು ಪುಕ್ಕಟೆ, ಗೆಸ್ಟ್‌ಹೌಸಿಗೆ ಅಷ್ಟು ಸಾಕು.

ಹತ್ತು ಕೋಣೆಗಿಂತ ಹೆಚ್ಚಿರುವ, ಕೌಂಟರಿನಲ್ಲಿ ಕಂಪ್ಯೂಟರ್ ಬಲ್ಲ ಒಬ್ಬರು ಇರುವ, ವರ್ಷಕ್ಕೊಮ್ಮೆ ನಿರ್ವಹಣೆಗೆ ದುಡ್ಡು ತೆಗೆದಿಡುವ ಕಡೆ ಇದು ಒಳ್ಳೆಯ ಆಯ್ಕೆ. ನಾಲ್ಕು ಕೋಣೆಯ ಮನೆಗೆ ಇದು ಎತ್ತಿನ ಬಂಡಿಯ ಕೆಲಸಕ್ಕೆ ಟ್ರ್ಯಾಕ್ಟರ್ ಕೊಂಡಂತೆ.

ಸಾದಾ ಎಚ್‌ಟಿಎಂಎಲ್ ಪುಟ

ಎಚ್‌ಟಿಎಂಎಲ್ ಎಂದರೆ ವೆಬ್ ಪುಟ ಬರೆಯುವ ಸಂಕೇತ ಭಾಷೆ. ಡೇಟಾಬೇಸ್ ಇಲ್ಲ, ಪ್ಲಗಿನ್ ಇಲ್ಲ, ನಾಲ್ಕು ಫೈಲು. ಕ್ಲೌಡ್‌ಫ್ಲೇರ್ ಪೇಜಸ್ ಎಂಬ ಹೋಸ್ಟಿಂಗ್ ಸೇವೆಯಲ್ಲಿ ಫೋಲ್ಡರನ್ನು ಎಳೆದು ಹಾಕಿದರೆ ಪುಕ್ಕಟೆಯಾಗಿ ನಡೆಯುತ್ತದೆ, ಬಹಳ ವೇಗ. ಗಿಟ್‌ಹಬ್ ಪೇಜಸ್ ಕೂಡ ಪುಕ್ಕಟೆ, ಆದರೆ ಆನ್‌ಲೈನ್ ವ್ಯಾಪಾರ ನಡೆಸಲು ಬಳಸಬಾರದೆಂದು ಅದರ ನಿಯಮದಲ್ಲೇ ಇದೆ, ಹಾಗಾಗಿ ಗೆಸ್ಟ್‌ಹೌಸಿಗೆ ಅದು ಬೇಡ. ಈಗ ಚಾಟ್‌ಬಾಟ್‌ಗಳು ಇಂಥ ಪುಟವನ್ನು ಹತ್ತು ನಿಮಿಷದಲ್ಲಿ ಬರೆದುಕೊಡುತ್ತವೆ. ಜೊತೆಗೆ ನಿಮ್ಮಲ್ಲಿಲ್ಲದ ಈಜುಕೊಳವನ್ನೂ ಬರೆದುಕೊಡುತ್ತವೆ, ಸಾಲು ಸಾಲು ಓದಿ.

ಒಡೆಯುವಂಥದ್ದು, ಕದಿಯುವಂಥದ್ದು ಇದರಲ್ಲಿ ಏನೂ ಇಲ್ಲ. ದರ ತಿದ್ದಲು ಫೈಲು ತೆರೆದು ಅಂಕಿ ಬದಲಿಸಬೇಕು, ಒಂದು ಆವರಣ ಚಿಹ್ನೆ ಅಳಿಸಿದರೆ ಪುಟ ವಕ್ರವಾಗುತ್ತದೆ. ಮನೆಯಲ್ಲಿ ಇಂಜಿನಿಯರಿಂಗ್ ಓದುವವರಿದ್ದರೆ ಇದಕ್ಕಿಂತ ಅಗ್ಗದ, ಗಟ್ಟಿಯಾದ ದಾರಿಯಿಲ್ಲ. ಅವರು ನೌಕರಿಗೆ ಪುಣೆಗೆ ಹೋದ ಮೇಲೆ ತಿದ್ದುವವರು ಯಾರು ಎಂಬುದನ್ನು ಈಗಲೇ ಗೊತ್ತುಮಾಡಿಕೊಳ್ಳಿ.

ಡೆವಲಪರಿಗೆ ವಹಿಸುವುದಾದರೆ

ಜಗಳವಾಗುವುದು ಕಟ್ಟುವಾಗಲ್ಲ, ಎರಡನೆಯ ವರ್ಷ. ಡೊಮೇನು ಅವನ ಖಾತೆಯಲ್ಲಿ ಇರುತ್ತದೆ, ಅವನು ನಂಬರು ಬದಲಿಸಿರುತ್ತಾನೆ, ನವೀಕರಣದ ಇಮೇಲ್ ಅವನ ಹಳೆಯ ವಿಳಾಸಕ್ಕೆ ಹೋಗಿರುತ್ತದೆ. ಅವಧಿ ಮುಗಿದ ಡೊಮೇನನ್ನು ಕೆಲವು ವಾರದೊಳಗೆ ಮಾಮೂಲು ದರಕ್ಕೆ, ಆಮೇಲೆ ದಂಡ ಕಟ್ಟಿ ಬಿಡಿಸಿಕೊಳ್ಳಬಹುದು. ಅದೂ ದಾಟಿದರೆ ಬೇರೆ ಯಾರಾದರೂ ಕೊಳ್ಳಬಹುದು.

ಕೂಲಿಯ ಮೂರನೇ ಒಂದು ಭಾಗವನ್ನು ಹಸ್ತಾಂತರದ ದಿನಕ್ಕೆ ಉಳಿಸಿಕೊಳ್ಳಿ. ಆ ದಿನ ನಿಮ್ಮ ಕೈಗೆ ಬರಬೇಕಾದವು: ಡೊಮೇನು ಖಾತೆ ಮತ್ತು ಹೋಸ್ಟಿಂಗ್ ಖಾತೆ ನಿಮ್ಮ ಇಮೇಲಿನಲ್ಲಿ, ವರ್ಡ್‌ಪ್ರೆಸ್ ಆದರೆ ‘ಅಡ್ಮಿನಿಸ್ಟ್ರೇಟರ್’ ಹಂತದ ಲಾಗಿನ್, ಥೀಮ್ ಮತ್ತು ಪ್ಲಗಿನ್ ಕೊಂಡ ರಸೀದಿ, ಕುಗ್ಗಿಸದ ಮೂಲ ಫೋಟೋಗಳು, ಇಡೀ ಸೈಟಿನ ಒಂದು ಬ್ಯಾಕಪ್. ‘ಅದೆಲ್ಲ ನಿಮಗ ಯಾಕ ಬೇಕ್ರೀ, ನಾನ ನೋಡ್ಕೋತೀನಿ’ ಎಂಬ ಉತ್ತರ ಬಂದರೆ ಉಳಿಸಿಕೊಂಡ ದುಡ್ಡು ಉಳಿದೇ ಇರಲಿ.

ಬುಕಿಂಗ್ ಮತ್ತು ಮುಂಗಡ

ಏರ್‌ಬಿಎನ್‌ಬಿ, ಬುಕಿಂಗ್ ಡಾಟ್ ಕಾಮ್ ಎರಡೂ ಐಕ್ಯಾಲ್ ಎಂಬ ಕೊಂಡಿ ಕೊಡುತ್ತವೆ. ಒಂದರಲ್ಲಿ ಕೋಣೆ ಹೋದರೆ ಇನ್ನೊಂದರ ಮತ್ತು ನಿಮ್ಮ ವರ್ಡ್‌ಪ್ರೆಸ್‌ನ ಕ್ಯಾಲೆಂಡರ್ ಮುಚ್ಚುತ್ತದೆ. ಆದರೆ ಅದು ಆ ಕ್ಷಣಕ್ಕೇ ಅಲ್ಲ, ಕೆಲವು ತಾಸು ತಡವಾಗಬಹುದು. ದಾಟುವುದು ತಾರೀಖು ಮಾತ್ರ, ದರವಲ್ಲ. ಶಿವರಾತ್ರಿಗೆ ಸಿದ್ಧಾರೂಢರ ಜಾತ್ರೆಯ ಹೊತ್ತಿನಲ್ಲಿ, ಕೋಣೆಗಳು ಗಂಟೆಯೊಳಗೆ ತುಂಬುವಾಗ, ಈ ತಡವೇ ಒಂದು ಕೋಣೆಗೆ ಇಬ್ಬರು ಅತಿಥಿಗಳನ್ನು ತಂದು ನಿಲ್ಲಿಸುತ್ತದೆ. ದುಬಾರಿಯ ಮದ್ದು, ಎಲ್ಲ ಆ್ಯಪುಗಳ ಕೋಣೆ-ದರವನ್ನು ಒಂದೇ ಕಡೆಯಿಂದ ನಡೆಸುವ ಚಾನೆಲ್ ಮ್ಯಾನೇಜರ್ ತಂತ್ರಾಂಶ. ಆರು ಕೋಣೆಗೆ ಸಾಕಾಗುವ ಮದ್ದು, ಆ್ಯಪುಗಳಿಗೆ ನಾಲ್ಕು ಕೋಣೆ ಕೊಟ್ಟು ಎರಡನ್ನು ಕೌಂಟರಿಗೇ ಇಟ್ಟುಕೊಳ್ಳುವುದು.

ಮುಂಗಡಕ್ಕೆ ಪೇಮೆಂಟ್ ಗೇಟ್‌ವೇ (ಸೈಟಿನಲ್ಲೇ ಹಣ ಪಡೆಯುವ ಸೇವೆ) ಹಾಕಿದರೆ ಸಾಮಾನ್ಯವಾಗಿ ಶೇ. 2 ಮತ್ತು ಅದರ ಮೇಲೆ ಜಿಎಸ್‌ಟಿ, ಅಂದರೆ ₹1,000ಕ್ಕೆ ₹23.60. ಗೇಟ್‌ವೇ ಅರ್ಜಿ ತಿಂಗಳುಗಟ್ಟಲೆ ನಿಲ್ಲುವುದಕ್ಕೆ ಸಾಮಾನ್ಯ ಕಾರಣ, ಸೈಟಿನಲ್ಲಿ ರದ್ದತಿ-ಮರುಪಾವತಿ, ಗೌಪ್ಯತೆ, ನಿಯಮಗಳ ಪುಟ ಇಲ್ಲದಿರುವುದು. ಮೊದಲು ಅವನ್ನು ಬರೆದಿಡಿ. ತಿಂಗಳಿಗೆ ಹತ್ತು ಮುಂಗಡ ಬರುವ ಕಡೆ ಯುಪಿಐ ಸಾಕು. ಆದರೆ ಸೈಟಿನಲ್ಲಿ ಬರೀ ಕ್ಯೂಆರ್ ಚಿತ್ರ ಹಾಕಿದರೆ ಮೊಬೈಲಿನಲ್ಲಿ ನೋಡುತ್ತಿರುವವರು ತಮ್ಮದೇ ಪರದೆಯನ್ನು ಹೇಗೆ ಸ್ಕ್ಯಾನ್ ಮಾಡಬೇಕು? ಯುಪಿಐ ಐಡಿಯನ್ನು ನಕಲು ಮಾಡಿಕೊಳ್ಳಲು ಬರುವಂತೆ ಅಕ್ಷರದಲ್ಲೂ ಹಾಕಿ. ಜಿಎಸ್‌ಟಿ ನೋಂದಣಿ ಇದ್ದವರು ದರದ ಪಕ್ಕದಲ್ಲೇ ತೆರಿಗೆ ಸೇರಿ ಅಥವಾ ಬಿಟ್ಟು ಎಂದು ಬರೆಯಿರಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ ₹7,500ರವರೆಗಿನ ಕೋಣೆಗೆ ಅದು ಶೇ. 5. ಹಳೆಯ ಶೇ. 12 ಎಂದೇ ಉಳಿದಿದ್ದರೆ ತಿದ್ದಿ.

ಆಧಾರ್ ಪ್ರತಿಯನ್ನು ವೆಬ್‌ಸೈಟಿನ ಫಾರ್ಮಿನಲ್ಲಿ ಕೇಳಬೇಡಿ. ಅದು ಇಮೇಲು, ಹೋಸ್ಟಿಂಗ್, ಬ್ಯಾಕಪ್ ಎಲ್ಲ ಕಡೆ ಉಳಿದುಬಿಡುತ್ತದೆ. ಗುರುತಿನ ಚೀಟಿ ಕೌಂಟರಿನಲ್ಲಿ ನೋಡಿದರಾಯಿತು. ವಿದೇಶಿಯರು ಬಂದರೆ 24 ಗಂಟೆಯೊಳಗೆ ಅವರ ವಿವರವನ್ನು (ಫಾರ್ಮ್ ಸಿ ಎಂದೇ ರೂಢಿಯಲ್ಲಿರುವುದು) ಅಧಿಕಾರಿಗಳಿಗೆ ಸಲ್ಲಿಸಬೇಕಾಗುವುದರಿಂದ, ಪಾಸ್‌ಪೋರ್ಟ್ ಮತ್ತು ವೀಸಾ ಜೊತೆಗಿರಲಿ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಸೈಟಿನಲ್ಲಿರಲಿ.

ಯಾವ ದಾರಿಯಾದರೂ ಕೆಡುವ ಜಾಗಗಳು

ಕನ್ನಡ ಬರಹ. ಪಾಂಪ್ಲೆಟ್ ಮಾಡಿಕೊಟ್ಟ ಡಿಟಿಪಿ ಅಂಗಡಿಯ ಫೈಲಿನಿಂದ ಬರಹ ಎತ್ತಿ ಸೈಟಿಗೆ ಹಾಕಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಅದು ನುಡಿ ಅಥವಾ ಶ್ರೀಲಿಪಿಯ ಹಳೆಯ ಆಸ್ಕಿ ಅಕ್ಷರ, ಆ ಫಾಂಟ್ ಇಲ್ಲದ ಕಡೆ ಓದಲು ಬರುವುದಿಲ್ಲ, ಗೂಗಲ್‌ಗೂ ಅದು ಕನ್ನಡವೆಂದು ತಿಳಿಯುವುದಿಲ್ಲ. ಪರೀಕ್ಷೆ ಸುಲಭ: ಬರಹವನ್ನು ವಾಟ್ಸ್ಆ್ಯಪ್‌ಗೆ ಅಂಟಿಸಿ ನೋಡಿ, ಅಲ್ಲಿ ಕನ್ನಡ ಕಂಡರೆ ಅದು ಎಲ್ಲ ಕಡೆ ಓದಲು ಬರುವ ಯೂನಿಕೋಡ್. ಪರಿವರ್ತಕದಿಂದ ಬದಲಿಸಿದರೆ ಅರ್ಕಾವೊತ್ತುಗಳನ್ನು ಒಂದೊಂದಾಗಿ ನೋಡಿ, ಕೆಡುವುದು ಅಲ್ಲೇ. ಇಂಗ್ಲಿಷಿಗೆಂದು ಮಾಡಿದ ಥೀಮ್‌ಗಳಲ್ಲಿ ಸಾಲಿನ ಎತ್ತರ ಕಡಿಮೆ ಇರುವುದರಿಂದ ಒತ್ತಕ್ಷರದ ಕೆಳಭಾಗ ಕತ್ತರಿಸಿಹೋಗುತ್ತದೆ, ‘ಹುಬ್ಬಳ್ಳಿ’ಯ ಎರಡು ಒತ್ತೂ ಬಟನ್ನಿನ ಅಂಚಿನಲ್ಲಿ ಮಾಯ. ಸಾಲಿನ ಎತ್ತರವನ್ನು 1.6ಕ್ಕೆ ಏರಿಸಿದರೆ ಸರಿಹೋಗುತ್ತದೆ.

ಊರಿನ ಹೆಸರು. 2014ರ ನವೆಂಬರ್ 1ರಿಂದ ಹುಬ್ಳಿ ಅಧಿಕೃತವಾಗಿ ಹುಬ್ಬಳ್ಳಿಯಾಗಿದೆ, ಆದರೆ ಇಂಗ್ಲಿಷಿನಲ್ಲಿ ಹುಡುಕುವವರು ಇನ್ನೂ ಎರಡೂ ಕಾಗುಣಿತ ಬಳಸುತ್ತಾರೆ. ಪುಟದ ಬರಹದಲ್ಲಿ ಎರಡೂ ಒಮ್ಮೆಯಾದರೂ ಬರಲಿ. ದಾರಿ ಹೇಳುವಾಗ ನಿಲ್ದಾಣದಿಂದ ಎಷ್ಟು ದೂರ, ಆಟೋ ಎಷ್ಟು ಕೇಳಬಹುದು, ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನಲ್ಲಿ ಬಂದರೆ ಯಾವ ನಿಲ್ದಾಣದಲ್ಲಿ ಇಳಿಯಬೇಕು ಎಂದು ಬರೆಯಿರಿ. ‘ನಗರದ ಹೃದಯಭಾಗದಲ್ಲಿ’ ಎಂಬ ಮಾತಿನಿಂದ ಯಾರಿಗೂ ದಾರಿ ಸಿಕ್ಕಿಲ್ಲ. ಬಿಸಿನೀರು ಎಷ್ಟು ಗಂಟೆಗೆ, ಲಿಫ್ಟ್ ಇದೆಯೋ ಮೆಟ್ಟಿಲೋ, ಟೆಂಪೊ ಟ್ರಾವೆಲರ್ ನಿಲ್ಲಲು ಜಾಗವಿದೆಯೋ, ಹತ್ತಿರದ ಖಾನಾವಳಿ ರಾತ್ರಿ ಎಷ್ಟರವರೆಗೆ ತೆರೆದಿರುತ್ತದೆ, ಫೋನಿನಲ್ಲಿ ದಿನವೂ ಕೇಳುವುದು ಇವನ್ನೇ.

ಫೋಟೋ. ಮೊಬೈಲಿನ ಒಂದು ಫೋಟೋ ನಾಲ್ಕೈದು ಎಂಬಿ, ಹನ್ನೆರಡು ಹಾಕಿದರೆ ಐವತ್ತು ದಾಟುತ್ತದೆ, ಚಲಿಸುವ ರೈಲಿನಲ್ಲಿ ಆ ಪುಟ ತೆರೆಯುವುದೇ ಇಲ್ಲ. ಅಗಲ 1,600 ಪಿಕ್ಸೆಲ್‌ಗೆ ಇಳಿಸಿ, ವೆಬ್‌ಪಿ ಎಂಬ ಹಗುರ ಫೋಟೋ ರೂಪದಲ್ಲಿ ಒಂದೊಂದೂ 200 ಕೆಬಿಯೊಳಗೆ ಬರುವಂತೆ ಮಾಡಿ. ಬೆಳಗಿನ ಬೆಳಕಿನಲ್ಲಿ, ಕಿಟಕಿ ತೆರೆದು, ಕೋಣೆಯ ಮೂಲೆಯಿಂದ ತೆಗೆಯಿರಿ. ಬಚ್ಚಲುಮನೆಯ ಫೋಟೋ ಬಿಡಬೇಡಿ, ಇಲ್ಲದಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ ಎಂದೇ ನೋಡುವವರು ತಿಳಿಯುತ್ತಾರೆ.

ವಾಟ್ಸ್ಆ್ಯಪ್ ಬಟನ್. ‘ಡಬ್ಲ್ಯೂಎ ಡಾಟ್ ಎಂಇ’ ಕೊಂಡಿಯಲ್ಲಿ 91 ಹಾಕಿ ಅದರ ಹಿಂದೆಯೇ ಹತ್ತು ಅಂಕಿ ಬರಬೇಕು. ಮುಂದೆ ಪ್ಲಸ್ ಚಿಹ್ನೆ, ಸೊನ್ನೆ, ನಡುವೆ ಗೆರೆ ಯಾವುದೂ ಇರಬಾರದು, ಇದ್ದರೆ ಕೊಂಡಿ ಕೆಲಸ ಮಾಡದೇ ಹೋಗಬಹುದು.

ಎಲ್ಲ ಮುಗಿದ ಮೇಲೆ, ಊರು ಗೊತ್ತಿಲ್ಲದ ಒಬ್ಬರ ಕೈಗೆ ವಿಳಾಸ ಕೊಡಿ. ಅವರ ಮೊಬೈಲಿನಲ್ಲಿ, ವೈಫೈ ಇಲ್ಲದೆ, ಸೈಟು ತೆರೆದು ದರ ಹುಡುಕಿ, ವಾಟ್ಸ್ಆ್ಯಪ್‌ನಲ್ಲಿ ಕೋಣೆ ಕೇಳಿ, ನಕ್ಷೆ ಒತ್ತಿ ನಿಲ್ದಾಣದಿಂದ ಗೇಟಿನವರೆಗೆ ಬರಲಿ. ನೀವು ಫೋನ್ ಎತ್ತಬೇಡಿ. ಬಂದ ಮೇಲೆ ಚಹಾ ಕೊಟ್ಟು, ಯಾವ ತಿರುವಿನಲ್ಲಿ ದಾರಿ ತಪ್ಪಿತು ಎಂದು ಕೇಳಿ, ಪಿನ್ ಸರಿಸಿ.